ಹರಕು ರೆಕ್ಕೆಯ ಏರೋಪ್ಲೇನ್ ಚಿಟ್ಟೆ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ಅಂಚು ಉಜ್ಜುತ್ತಿದ್ದವಳನ್ನು ಎಲ್ಲರೂ ಕನ್ನಡಕದಕ್ಕ ಅಂತಲೇ ಕರೆಯುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವಳ ಬೆರಳಿಗೆ ತಿಳಿಯುತ್ತಿತ್ತು. ಅಂಥವಳಿಗೆ ಐವತ್ತರ ಹತ್ತಿರ ಹುಳಹುಪ್ಪಟೆಗಳ ಫೋಟೋ ತೆಗೆಯುವ ಹುಚ್ಚು ಹತ್ತಿತು. ಕ್ಯಾಮೆರಾಕ್ಕೆ ಲೆನ್ಸನ್ನು ಹಿಂದುಮುಂದಾಗಿ ಕೂರಿಸಿದರೆ ಇರುವೆಯ ಮೀಸೆಯೂ ಹಗ್ಗದಷ್ಟು ದಪ್ಪ ಕಾಣುತ್ತದೆ ಅಂತ ಯಾರೋ ಗಿರಾಕಿ ಹೇಳಿಕೊಟ್ಟಿದ್ದ. ಬಸ್ಸು ಓಡಿಸುವ ಗಂಡ, ತನಗೂ ಆರು ಕಾಲಿದ್ದಿದ್ದರೆ ಹೆಂಡತಿ ದಿನಕ್ಕೊಂದು ಸಲವಾದರೂ ಮುಖ ನೋಡುತ್ತಿದ್ದಳೇನೋ ಅಂತ ಗೊಣಗುತ್ತಿದ್ದ.

ಜಾಗ ತೋರಿಸಿದವನು ಉದ್ಯಾನದ ಮಾಲಿ. ಇವಳು ಅವನನ್ನು ಅಣ್ಣಾ ಅನ್ನುತ್ತಿದ್ದಳು, ಅವನು ತಂಗಿ ಅನ್ನುತ್ತಿದ್ದ. ಕೊಳದಂಚಿನ ಹುಲ್ಲಿನಲ್ಲಿ ಏರೋಪ್ಲೇನ್ ಚಿಟ್ಟೆಗಳು ಮಲಗುತ್ತವೆ, ಬಿಸಿಲಿಗೆ ಮೈ ಕಾಯುವವರೆಗೆ ಅವಕ್ಕೆ ಹಾರೋಕೆ ಬರಲ್ಲ, ಬೆಳಕು ಹರಿಯುವಾಗಲೇ ಬರಬೇಕು ಅಂತ ಕಲಿಸಿದವನೂ ಅವನೇ. ಅವುಗಳಲ್ಲಿ ಒಂದಕ್ಕೆ ಎಡರೆಕ್ಕೆಯ ತುದಿ ಹರಿದಿತ್ತು. ಅದು ದಿನಾ ಅದೇ ಪೊದೆಗೆ ಬಂದು ಮಲಗುತ್ತಿತ್ತು. ಮಾಲಿ ಅದಕ್ಕೆ ಹರಕ ಅಂತ ಹೆಸರಿಟ್ಟಿದ್ದ. ಬೇರೆ ಯಾರಿಗೂ ತೋರಿಸದ ಹರಕನನ್ನು ಇವಳಿಗೆ ತೋರಿಸಿ, ಮುಟ್ಟಬೇಡ ತಂಗಿ, ನೋಡು ಅಷ್ಟೆ, ಅಂದಿದ್ದ. ಛೇ, ನಾನ್ಯಾಕೆ ಮುಟ್ಟಲಿ ಅಣ್ಣಾ, ಅಂದಿದ್ದಳು ಮಹಾತಾಯಿ.

ಮುಟ್ಟಿದಳು. ಅವಳು ಸೇರಿದ್ದ ಫೋಟೋ ಸಂಘದ ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ಮೂರು ತಿಂಗಳು ಮಂಡಿಯೂರಿ ಕೂತು ತೆಗೆದ ಅಷ್ಟೂ ಫೋಟೋ ಮಸುಕು. ಅಷ್ಟು ಹತ್ತಿರದಿಂದ ತೆಗೆಯುವಾಗ ಹುಲ್ಲು ಒಂದಿಷ್ಟು ಅಲುಗಿದರೂ ಕೆಟ್ಟಿತು, ಗಾಳಿಯೋ ಇವಳ ಮಾತು ಕೇಳುವುದಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಹುಳ ಮರಗಟ್ಟಿದ ಹಾಗೆ ಕೂರುತ್ತದೆ, ಆಮೇಲೆ ಬಿಟ್ಟರೆ ಹಾರಿಹೋಗುತ್ತದೆ ಅಂತ ಸಂಘದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹರಕನನ್ನು ಎರಡು ಬೆರಳಲ್ಲಿ ಎತ್ತಿ ಕನ್ನಡಕದ ಡಬ್ಬಿಗೆ ಹಾಕಿ, ಮನೆಗೆ ತಂದು ಹಾಲಿನ ಪಾತ್ರೆಯ ಪಕ್ಕ ಇಟ್ಟಳು. ಅಷ್ಟರಲ್ಲಿ ಅಂಗಡಿಯಿಂದ ಫೋನು, ತುರ್ತು ಕೆಲಸ. ಡಬ್ಬಿ ನೆನಪಾದದ್ದು ಮಾರನೇ ದಿನ ಬೆಳಗ್ಗೆ.

ಸತ್ತಿತ್ತು. ಅಲ್ಲಿಗಾದರೂ ನಿಲ್ಲಿಸಬಾರದಿತ್ತೇ? ಇಲ್ಲ. ಹುಲ್ಲುಕಡ್ಡಿಯೊಂದನ್ನು ಕುಂಡದಲ್ಲಿ ನೆಟ್ಟು, ಕನ್ನಡಕ ಅಂಟಿಸುವ ಗೋಂದಿನಿಂದ ಹರಕನ ಕಾಲುಗಳನ್ನು ಒಂದೊಂದಾಗಿ ಅಂಟಿಸಿದಳು. ಗಾಜು ಒರೆಸುವ ಬಾಟಲಿಗೆ ನೀರು ತುಂಬಿ ಪುಸ್ ಪುಸ್ ಅಂತ ಇಬ್ಬನಿ ಹೊಡೆದಳು. ಅಷ್ಟು ನಾಜೂಕಾದ ಕೆಲಸವನ್ನು ಅವಳ ಕೈ ಜನ್ಮದಲ್ಲಿ ಮಾಡಿರಲಿಲ್ಲ. ಫೋಟೋ ಮಾತ್ರ ಅದ್ಭುತವಾಗಿ ಬಂತು.

ಪ್ರದರ್ಶನ ನಡೆಯುವ ವಾಚನಾಲಯದ ಗೋಡೆಗೆ ಅದನ್ನು ಎಲ್ಲರಿಗಿಂತ ದೊಡ್ಡದಾಗಿ ತೂಗುಹಾಕಿ, ಕೆಳಗೆ "ತಾಳ್ಮೆ" ಅಂತ ಬರೆದರು. ಹೆಸರಿಟ್ಟವರು ಸಂಘದ ಕಾರ್ಯದರ್ಶಿ. ಅವಳು ಬೇಡ ಅನ್ನಲಿಲ್ಲ.

ಪ್ರದರ್ಶನ ಶುರುವಾಗಿ ಮೂರನೇ ವಾರ, ಒಗೆದ ಅಂಗಿ ತೊಟ್ಟುಕೊಂಡು ಮಾಲಿ ಬಂದ. ಫೋಟೋದ ಮುಂದೆ ಬಹಳ ಹೊತ್ತು ನಿಂತ. ಹರಿದ ರೆಕ್ಕೆಯನ್ನು ಗಾಜಿನ ಮೇಲಿಂದಲೇ ಬೆರಳಿನಿಂದ ತೋರಿಸಿ, ಪಕ್ಕದಲ್ಲಿದ್ದವರಿಗೆಲ್ಲ ಇದು ನಮ್ಮ ಹರಕ ಅಂತ ಹೇಳಿದ. ಆಮೇಲೆ ಅಲ್ಲೇ ಇದ್ದ ಇವಳನ್ನು ಪಕ್ಕಕ್ಕೆ ಕರೆದು, ಇಪ್ಪತ್ತು ದಿನದಿಂದ ಅದು ಕಾಣಿಸಿಲ್ಲ, ಆದರೂ ಚಿಂತೆ ಮಾಡಬೇಡ ಅಂದ. ಕೊಳದ ಸುತ್ತ ಹುಲ್ಲು ಕೊಯ್ಯಬೇಕು ಅಂತ ಮೇಲಿನವರ ಆರ್ಡರಂತೆ. ಇವನು ಮಿಕ್ಕದ್ದೆಲ್ಲ ಕೊಯ್ದು, ಆ ಪೊದೆಗೆ ಮಾತ್ರ ನಾಲ್ಕು ಕೋಲು ನೆಟ್ಟು ಹಗ್ಗ ಕಟ್ಟಿದ್ದನಂತೆ. ಅದಕ್ಕೆ ನೋಟಿಸು ಬಂದಿದೆ. ಇನ್ನೊಂದು ಬಂದರೆ ಊರಾಚೆಯ ತೋಟಕ್ಕೆ ಎತ್ತಂಗಡಿ.

"ಬರ್ಲಿ ಬಿಡು ತಂಗಿ," ಅಂದ. "ಹರಕ ಜಾಗ ಬಿಡೋ ಜಾತಿ ಅಲ್ಲ. ವಾಪಸ್ ಬಂದಾಗ ಹುಲ್ಲೇ ಇಲ್ಲ ಅಂದ್ರೆ ಹೆಂಗೆ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವಳಿಗೆ. ಹೂಂ ಅಣ್ಣಾ ಅಂದಳು, ಅಷ್ಟೆ. ಆ ಸಂಜೆ ಗಂಡ ಫ್ರಿಜ್ಜಿನ ಬಾಗಿಲು ತೆಗೆದು, ಇದರೊಳಗೆ ಏನೋ ವಾಸನೆ ಅಂದದ್ದಕ್ಕೆ, ನಾನೇನೂ ಇಟ್ಟಿಲ್ಲ ಅಂತ ಹಾರಿಬಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗಂಡ ಬಾಗಿಲು ಹಾಕಿದ.

ಮಾರನೇ ದಿನ ಕಾರ್ಯದರ್ಶಿಯ ಹತ್ತಿರ ಹೋಗಿ ನಡೆದದ್ದು ಹೇಳಿ, ಫೋಟೋ ಇಳಿಸಿ ಅಂದಳು. ಆತ ನಕ್ಕ. ಫ್ರಿಜ್ಜಲ್ಲಿ ಇಡದೇ ಇರೋರು ಯಾರಮ್ಮಾ, ಒಂದು ಹುಳಕ್ಕೆ ಇಷ್ಟೊಂದಾ, ಅಂದ. ಅವನ ನಗುವಿನಿಂದ ಅವಳಿಗೆ ಇನ್ನಷ್ಟು ಅಸಹ್ಯವಾಯಿತು. ತಾನೇ ಕುರ್ಚಿ ಹತ್ತಿ ಇಳಿಸಿಕೊಂಡು ಬಂದಳು.

ಆದರೆ ಅದು ಸುಲಭದ ಕೆಲಸ. ಕಷ್ಟದ್ದು ಕೊಳದ ಹತ್ತಿರವಿತ್ತು. ಮಾಲಿ ಹಗ್ಗ ಬಿಗಿ ಮಾಡುತ್ತಿದ್ದ. ಅವಳು ನಿಂತಲ್ಲೇ ಡಬ್ಬಿ, ಫ್ರಿಜ್ಜು, ಗೋಂದು, ಬಾಟಲಿ, ಒಂದನ್ನೂ ಬಿಡದೆ ಹೇಳಿದಳು. ಅವನು ಬಯ್ಯುತ್ತಾನೆ ಅಂದುಕೊಂಡಿದ್ದಳು. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಡಬ್ಬೀಲಿ ಎಷ್ಟು ಹೊತ್ತು ಬದುಕಿತ್ತು?" ಅಂತ ಕೇಳಿದ.

"ಗೊತ್ತಿಲ್ಲ ಅಣ್ಣಾ."

ಅವನು ಪೊದೆಯ ಕಡೆ ತಿರುಗಿದ. "ಜಾಗ ತೋರಿಸಿದ್ದು ನಾನಲ್ವಾ," ಅಂದ, ಅವಳಿಗಲ್ಲ, ತನಗೇ. ಆಮೇಲೆ ಹಗ್ಗ ಬಿಚ್ಚಿ ಸುತ್ತಿಟ್ಟ. ಒಂದು ಕೋಲು ಕಿತ್ತ. ಕುಡುಗೋಲು ತಗೊಂಡು ಕೂತ. ಅವಳು ಎರಡನೇ ಕೋಲು ಕೀಳಲು ಬಗ್ಗಿದಳು.

"ಬಿಡಿ ಮೇಡಂ," ಅಂದ ಮಾಲಿ, ತಲೆ ಎತ್ತದೆ. "ನಾನೇ ಮಾಡ್ಕೋತೀನಿ."

ಅವಳು ಕೈ ಹಿಂದಕ್ಕೆ ತಗೊಂಡಳು. ಪೊದೆ ಪೂರ್ತಿ ಕೊಯ್ದು ಮುಗಿಯುವವರೆಗೂ ಅಲ್ಲೇ ನಿಂತಿದ್ದಳು.