ಅಂಚಿಲ್ಲದ ಗಾಲಿ

ಅರವತ್ತರ ದಶಕದ ಆರಂಭದಲ್ಲಿ ನಮ್ಮ ಕುಮಟೆಗೆ ರೈಲು ಇರಲಿಲ್ಲ. ಬಂದೀತು ಎಂದರೆ ಜನ ನಗುತ್ತಿದ್ದರು. ಆದರೂ ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ನಮ್ಮ ಮನೆಯ ಜಗಲಿಯಲ್ಲಿ ಮೂರು ರೈಲು ಎಂಜಿನ್ನುಗಳು ಸೇರುತ್ತಿದ್ದವು. ಒಂದೊಂದೂ ಗೇಣುದ್ದದ್ದು, ಹಿತ್ತಾಳೆಯದು, ಸ್ಪಿರಿಟ್ ದೀಪದ ಉರಿಯಿಂದ ನಿಜವಾಗಿ ಓಡುವಂಥದ್ದು.

ಒಂದು ನನ್ನ ಅಪ್ಪನದು. ಅವನು ಅಕ್ಕಿ ಗಿರಣಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು, ಉಗಿಯ ಸ್ವಭಾವ ಬಲ್ಲವನು. ಇನ್ನೊಂದು ಹೊನ್ನಾವರದ ಗಡಿಯಾರ ರಿಪೇರಿಯವರದು. ಮೂರನೆಯದು ಭಟ್ಕಳದ ಬಟ್ಟೆ ವ್ಯಾಪಾರಿ ಸಾಹೇಬರದು. ಅವರು ಶರಾವತಿಯನ್ನು ಲಾಂಚಿನಲ್ಲಿ ದಾಟುವಾಗ ಎಂಜಿನ್ನನ್ನು ಲುಂಗಿಯಲ್ಲಿ ಸುತ್ತಿ ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬರುತ್ತಿದ್ದರು. "ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸ್ದಂಗಾತು ನಿಮ್ಮ ಕಥೆ" ಎಂದು ಪಕ್ಕದ ಮನೆಯ ಅಜ್ಜಿ ಮೂವರನ್ನೂ ಛೇಡಿಸುತ್ತಿದ್ದಳು.

ನಾನು ಆಗ ಶಾಲೆಯಲ್ಲಿ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ, ಅಪ್ಪನೂ ನಾನೂ ಇಬ್ಬರೇ. ದಸರೆಯ ರಜೆಯಲ್ಲಿ ಮೂವರು ಗಂಡಸರ ಮಸಿ ಒರೆಸಿ, ಅವರಿಗೆ ಅಡಿಗೆ ಮಾಡಿ ಬಡಿಸುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಪೂಜೆಯ ಹೊತ್ತಿಗೆ ಸಿಟ್ಟು ಇಳಿಯುತ್ತಿತ್ತು. ವಾಹನದ ಗಾಲಿಯಡಿ ನಿಂಬೆಹಣ್ಣು ಇಡಬೇಕಲ್ಲ; ಇಲ್ಲಿ ಗಾಲಿಗಿಂತ ಹಣ್ಣೇ ದೊಡ್ಡದು. ಅಪ್ಪ ಅದನ್ನು ಎಂಜಿನ್ನಿನ ಮುಂದೆ ಇಟ್ಟು, ಕೈಮುಗಿದು, ತೆಗೆದುಬಿಡುತ್ತಿದ್ದ. ಸಾಹೇಬರು ಅಂಗಳದಲ್ಲಿ ಕಾದು ನಿಂತಿದ್ದು ಪಂಚಕಜ್ಜಾಯ ತಿನ್ನುವುದಕ್ಕೆ ಸರಿಯಾಗಿ ಒಳಗೆ ಬರುತ್ತಿದ್ದರು.

ಮೂವರೂ ಮಾಡುತ್ತಿದ್ದುದು ರೈಲು ಹುಟ್ಟಿದ ಕಾಲದ ಎಂಜಿನ್ನು: ಪೀಪಾಯಿಯಂಥ ಬಾಯ್ಲರು, ಎತ್ತರದ ಚಿಮಣಿ. ಸಾಹೇಬರು ಮದ್ರಾಸಿನಿಂದ ತಂದ ಒಂದು ಹಳೆಯ ಮಸುಕು ಚಿತ್ರವೇ ಎಲ್ಲರಿಗೂ ಮಾದರಿ. "ಹಳೇದ್ರಲ್ಲಿ ಎಲ್ಲಾ ಹೊರಗೇ ಕಾಣ್ತದೆ. ಮುಚ್ಚಿಡೂದು ಎಂತದೂ ಇಲ್ಲ" ಎಂದು ಅಪ್ಪ ಹೇಳುತ್ತಿದ್ದ. ಜಗಲಿ ಉದ್ದವಾಗಿದ್ದರಿಂದ ಕಬ್ಬಿಣದ ಪಟ್ಟಿಗಳ ನೆಟ್ಟನೆಯ ಹಳಿ ಹಾಸಿ, ಈ ತುದಿಯಿಂದ ಆ ತುದಿಗೆ ಓಡಿಸಿ, ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ಅಪ್ಪನ ಕಣ್ಣು ಮಂಜಾಗತೊಡಗಿದ್ದು ಆ ದಿನಗಳಲ್ಲೇ. ಕಣ್ಣಿನ ನರ ಸೊರಗಿದೆ, ಆಪರೇಶನ್ನಿನಿಂದ ಉಪಯೋಗವಿಲ್ಲ ಎಂದರು ಡಾಕ್ಟರು. ಅಪ್ಪ ಅಳಲಿಲ್ಲ. ಗಡಿಯಾರದವರಿಗೆ ಹೇಳಿ ಕಳಿಸಿದ: ಈ ಸಲ ಹಳಿ ದುಂಡಗೆ ಇರಲಿ. ಕಣ್ಣು ಪೂರ್ತಿ ಹೋಗುವ ಮೊದಲು ತನ್ನ ಎಂಜಿನ್ನು ಯಾರ ಕೈಯೂ ತಾಗದೆ ಒಂದು ಸುತ್ತು ಬಂದು ನಿಲ್ಲುವುದನ್ನು ಅವನು ನೋಡಬೇಕಿತ್ತು.

ಹಳಿ ದುಂಡಗಾಯಿತು. ಅಪ್ಪನ ಎಂಜಿನ್ನು ಹೊಗೆಯಾಡುತ್ತ ಹೊರಟಿತು, ತಿರುವಿನಲ್ಲಿ ಹೊರಗೆ ಜಾರಿ ಮಗುಚಿಕೊಂಡಿತು. ಇನ್ನೆರಡೂ ಅದೇ ಜಾಗದಲ್ಲಿ ಬಿದ್ದವು. ಬೆಂಕಿ ಹೆಚ್ಚು ಮಾಡಿದರು, ಕಡಿಮೆ ಮಾಡಿದರು, ಹಳಿ ಓರೆ ಮಾಡಿದರು. ಮತ್ತೆ ಮತ್ತೆ ಬಿತ್ತು.

"ನೀವು ಮದ್ರಾಸಿಗೆ ಅಷ್ಟು ಸಲ ರೈಲಲ್ಲಿ ಹೋದವರಲ್ಲವೇ? ಗಾಲಿ ಹೇಗಿರುತ್ತದೆ ಅಂತ ನೋಡಿಲ್ಲವೇ?" ಎಂದು ಸಾಹೇಬರನ್ನು ನಾನೇ ಕೇಳಿದೆ.

"ಅರೇ ಬೇಟಿ, ಟಿಕೆಟ್ ತಕೊಂಡವ ಸೀಟು ನೋಡ್ತಾನೆ. ಗಾಲಿ ಯಾರು ನೋಡ್ತಾರೆ?" ಎಂದರು ಅವರು. ಎಲ್ಲರೂ ನಕ್ಕೆವು. ಅಪ್ಪ ನಗಲಿಲ್ಲ.

ಮರುವಾರ ಹುಬ್ಬಳ್ಳಿಗೆ ಹೊರಡು ಎಂದು ಹಟ ಹಿಡಿದ. ದೇವಿಮನೆ ಘಟ್ಟದಲ್ಲಿ ವಾಂತಿ ಮಾಡಿಕೊಳ್ಳುತ್ತ, ಮನಸ್ಸಿನಲ್ಲೇ ಅವನನ್ನು ಬಯ್ಯುತ್ತ ಕರೆದುಕೊಂಡು ಹೋದೆ. ಸ್ಟೇಷನ್ನಿನ ತುದಿಯಲ್ಲಿ ರೈಲಿನ ಖಾಲಿ ಡಬ್ಬಿಯೊಂದು ಒಂಟಿಯಾಗಿ ನಿಂತಿತ್ತು. ಅಪ್ಪ ಅದರ ಹತ್ತಿರ ಮಂಡಿಯೂರಿ ಕೂತು, ಗಾಲಿಯ ಹಿಂದಕ್ಕೆ ಕೈ ಹಾಕಿದ. ದೂರದಿಂದ ಪೋರ್ಟರೊಬ್ಬ, "ಏ ಯಜಮಾನ್ರ, ಏನ್ ಮಾಡಾಕತ್ತೀರಿ ಅಲ್ಲಿ?" ಎಂದು ಕೂಗಿದ.

ಅಪ್ಪ ನನ್ನ ಕೈ ಹಿಡಿದೆಳೆದು ಅಲ್ಲಿ ಮುಟ್ಟಿಸಿದ. ಗಾಲಿಯ ಒಳಮಗ್ಗುಲಲ್ಲಿ ತಟ್ಟೆಯ ಕಂಠದಂತೆ ಎದ್ದ ಒಂದು ಅಂಚು. ಗಾಲಿ ಹಳಿ ಬಿಟ್ಟು ಜಾರದಂತೆ ತಡೆಯುವುದು ಅದೇ. ನಮ್ಮ ಮಸುಕು ಚಿತ್ರದಲ್ಲಿ ಅದು ಕಂಡಿರಲಿಲ್ಲ. ರೈಲಿಲ್ಲದ ಊರಿನ ಮೂವರೂ ಚಿತ್ರವನ್ನೇ ನಂಬಿ ಬಳೆಯಂಥ ಬೋಳು ಗಾಲಿ ಮಾಡಿದ್ದರು.

"ಒಳಗೆ ಅದೆ ಮಗಾ, ಒಳಗೆ ಅದೆ" ಎಂದ ಅಪ್ಪ. ಅವನ ಬೆರಳೆಲ್ಲ ಕರಿ ಗ್ರೀಸು. ಆ ಕ್ಷಣ ಅವನ ಮೇಲೆ ನನಗೆ ಬಂದಂಥ ಪ್ರೀತಿ ಆಮೇಲೆ ಯಾರ ಮೇಲೂ ಬಂದದ್ದು ನೆನಪಿಲ್ಲ.

ಹೊಸ ಗಾಲಿಗಳನ್ನು ಅವನು ಬಹುಪಾಲು ಬೆರಳಿನಿಂದಲೇ ನೋಡಿ ಮಾಡಿದ. ಅರ ಹಾಕುವುದು, ಮುಟ್ಟುವುದು, ಮತ್ತೆ ಅರ ಹಾಕುವುದು. ಮರುವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಗಾಲಿ ತಯಾರಾದವು, ಕಣ್ಣು ಹೋಯಿತು.

ಆ ವರ್ಷದ ಆಯುಧಪೂಜೆಗೆ ಹೊನ್ನಾವರದವರೂ ಭಟ್ಕಳದವರೂ ತಮ್ಮ ಎಂಜಿನ್ನು ತರಲಿಲ್ಲ, ಬರಿಗೈಯಲ್ಲಿ ಬಂದರು. ಅಪ್ಪ ಜಗಲಿಯ ನೆಲದ ಮೇಲೆ, ಹಿಂದಿನ ಸಲ ಬಿದ್ದಿತ್ತಲ್ಲ, ಅದೇ ತಿರುವಿನ ಪಕ್ಕ ಕೂತ. ಬಲಗೈಯನ್ನು ಅಂಗಾತ ಮಾಡಿ ಹಳಿಯ ಹೊರಗೆ ಹಿಡಿದ. ಬಿದ್ದರೆ ನೆಲಕ್ಕೆ ಬೀಳದೆ ಕೈಗೆ ಬೀಳಲಿ ಎಂದು. "ಕೈ ಸುಟ್ಟೀತು ಅಣ್ಣಾ" ಎಂದರು ಸಾಹೇಬರು. "ಸುಡ್ಲಿ" ಎಂದ.

ದೀಪ ಹಚ್ಚಿದೆವು. ಎಂಜಿನ್ನು ಸುಸ್ಸೆನ್ನುತ್ತ ಹೊರಟಿತು. ತಿರುವಿಗೆ ಬಂತು. ಅಪ್ಪನ ಬೆರಳ ತುದಿಗೆ ಬಿಸಿ ಗಾಳಿ ತಾಗಿಸುತ್ತ ತಿರುಗಿ, ದಾಟಿ, ಹೊರಟಲ್ಲಿಗೆ ಬಂದು, ಮತ್ತೆ ಮುಂದಕ್ಕೆ ಹೋಯಿತು.

"ಅಪ್ಪಾ, ಸುತ್ತು ಆತು!" ಎಂದು ಕೂಗಿದೆ.

"ನೀ ಹೇಳೂದು ಬ್ಯಾಡ" ಎಂದ ಅಪ್ಪ. "ಕೈ ಖಾಲಿ ಅದೆ ಅಲ್ದಾ?"

ಬಾಯ್ಲರಿನ ನೀರು ಮುಗಿದು ಎಂಜಿನ್ನು ತಾನಾಗಿ ನಿಂತಿತು. ಅಪ್ಪ ಆ ಖಾಲಿ ಕೈಯನ್ನು ಆಮೇಲೂ ಬಹಳ ಹೊತ್ತು ಹಿಂದಕ್ಕೆ ತೆಗೆಯಲಿಲ್ಲ.