ಅಂಗೈಯಗಲದ ಚರ್ಮ, ಮಡಿಲು ತುಂಬ ಅಕ್ಕಿ

ಕೋವಿಡ್ ಗಲಾಟೆ ಅಡಗಿ ಎರಡು ವರ್ಷವಾಗಿತ್ತು. ನಾನಾಗ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟಿಕ್ ಸರ್ಜನ್. ಗುರುವಾರ ಮಾತ್ರ ನಂಜನಗೂಡಿನ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಕೂರುತ್ತಿದ್ದೆ. ಪ್ಲಾಸ್ಟಿಕ್ ಸರ್ಜನ್ ಎಂದರೆ ಮೂಗು ತಿದ್ದುವವಳೆಂದು ಪೇಟೆಯವರೂ, ದೇಹದೊಳಗೆ ಪ್ಲಾಸ್ಟಿಕ್ ಇಡುವವಳೆಂದು ಹಳ್ಳಿಯವರೂ ನಂಬಿದ್ದರು. ನನ್ನ ನಿತ್ಯದ ಕೆಲಸ ಇಷ್ಟೇ: ಸುಟ್ಟು, ಹರಿದು, ಕೊಳೆತು ಚರ್ಮ ಹೋದ ಜಾಗಕ್ಕೆ ಅದೇ ದೇಹದ ಇನ್ನೊಂದು ಕಡೆಯಿಂದ ಚರ್ಮ ತಂದು ಹೊಂದಿಸುವುದು. ದರ್ಜಿಯ ಕಸುಬೇ, ಬಟ್ಟೆಗೆ ನೋವಾಗುತ್ತದೆ ಅನ್ನುವುದೊಂದೇ ವ್ಯತ್ಯಾಸ.

ಅಂಥದೊಂದು ಗುರುವಾರ ಹುಲ್ಲಹಳ್ಳಿ ಕಡೆಯ ಚಿಕ್ಕತಾಯಮ್ಮ ಬಂದರು. ಐವತ್ತರ ಆಸುಪಾಸು, ಗದ್ದೆಯಲ್ಲಿ ನಾಟಿ ಹಾಕುವ ಕೂಲಿ ಕೆಲಸ. ಜೊತೆಗೆ ಗಂಡ ನಂಜಯ್ಯ. ಬಲ ಸೊಂಟದಲ್ಲಿ ಎರಡು ವರ್ಷದಿಂದ ಮಾಯದ ಗಾಯ ಎಂದರು. ಹೇಳಿ, ಒಂದು ಕವರನ್ನು ಮೇಜಿನ ಮೇಲೆ ಸುರಿದರು. ಬರೀ ಮುಲಾಮಿನ ಟ್ಯೂಬುಗಳು. ಹುಳಕಡ್ಡಿಗೆ, ತುರಿಕೆಗೆ, ಸುಟ್ಟ ಗಾಯಕ್ಕೆ. ಒಂದಂತೂ ಹಸುಗೂಸುಗಳ ಅಂಡು ಕೆಂಪಾದರೆ ಹಚ್ಚುವುದು.

"ಇಷ್ಟು ಜನ ಡಾಕ್ಟರು ನೋಡಿ ಏನಂದ್ರು?"

"ನೋಡ್ನಿಲ್ಲ ಕಣವ್ವ. ಏಳ್ದೆ, ಬರ್ಕೊಟ್ರು."

"ಒಬ್ಬರೂ ಸೀರೆ ಸರಿಸಿ ನೋಡಲಿಲ್ವಾ?"

"ಅವ್ರೂ ನಾಚ್ಕಂಡ್ರು, ನಾನೂ ನಾಚ್ಕಂಡೆ."

ಹೀಗೆ ಎರಡು ನಾಚಿಕೆಗಳು ಮೇಜಿನ ಆಚೆಗೊಂದು ಈಚೆಗೊಂದು ಕೂತು, ಬಹಳ ಮರ್ಯಾದೆಯಿಂದ, ಆ ಗಾಯವನ್ನು ಸಾಕಿ ಬೆಳೆಸಿದ್ದವು. ನಾನು ಪರದೆ ಎಳೆದು ನೋಡಿದೆ. ಒಳಲಂಗದ ಲಾಡಿ ಕೂರುವ ಗೆರೆಯುದ್ದಕ್ಕೂ ಚರ್ಮ ಕಪ್ಪಗೆ ತಗ್ಗಾಗಿತ್ತು, ಗಾಡಿ ಚಕ್ರ ಓಡಾಡಿದ ಜಾಡಿನ ಹಾಗೆ. ಗಂಟು ಬೀಳುವ ಕಡೆ ಮೂರು ಬೆರಳಗಲದ ಹುಣ್ಣು. ಅಂಚು ಉಬ್ಬಿ ಗಟ್ಟಿಯಾಗಿತ್ತು. ಮುಟ್ಟಿದ ಕೂಡಲೇ ನನ್ನ ಬೆರಳಿಗೆ ಗೊತ್ತಾಯಿತು, ಆಮೇಲೆ ಬಯಾಪ್ಸಿ ವರದಿಗೂ ಗೊತ್ತಾಯಿತು: ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಚರ್ಮದ ಮೇಲ್ಪದರದ ಕ್ಯಾನ್ಸರ್.

ನಾಟಿಗೆ ಇಳಿಯುವ ಹೆಂಗಸು ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟುತ್ತಾಳೆ. ಸೀರೆ, ಎಲೆಯಡಿಕೆ ಚೀಲ, ಈಚೆಗೆ ಮೊಬೈಲು, ಎಲ್ಲದರ ಭಾರವೂ ಆ ಒಂದು ಲಾಡಿಯ ಮೇಲೆ. ಜಾರಬಾರದೆಂದು ಬಿಗಿಯುತ್ತಾಳೆ, ಬೆವರು, ಕೆಸರು, ದಿನವಿಡೀ ಬಗ್ಗುವುದು ಏಳುವುದು. ಒಂದೇ ಜಾಗ ಮೂವತ್ತು ವರ್ಷ ಉಜ್ಜಿಸಿಕೊಂಡರೆ ಒಮ್ಮೊಮ್ಮೆ ಹೀಗೆ ತಿರುಗಿಬೀಳುತ್ತದೆ. ಇದು ವೈದ್ಯರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಎಂಬಿಬಿಎಸ್ ಎಂಬ ಮಹಾಯಾಗದ ಮೊದಲ ಮಂತ್ರವೇ "ನೋಡು". ಯಾಗ ಮುಗಿಸಿ ಬೋರ್ಡು ತೂಗುಹಾಕಿದ ಮೇಲೆ ಮಂತ್ರ ಮರೆತುಹೋಗುತ್ತದೆ, ದಕ್ಷಿಣೆ ನೆನಪಿರುತ್ತದೆ.

ಪುಣ್ಯಕ್ಕೆ ತೊಡೆಸಂದಿನ ಗ್ರಂಥಿಗಳಿಗೆ ಹಬ್ಬಿರಲಿಲ್ಲ. ಮೈಸೂರಿನಲ್ಲಿ ಹುಣ್ಣನ್ನೂ, ಸುತ್ತ ಎರಡು ಸೆಂಟಿಮೀಟರು ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆದೆವು. ಉಳಿದ ಬಯಲು ಅಂಗೈಯಗಲ. ಅದಕ್ಕೆ ತೊಡೆಯಿಂದ ತೆಳ್ಳಗೆ ಚರ್ಮ ಹೆರೆದು ಹೊದಿಸಿದೆವು. ಸ್ಕಿನ್ ಗ್ರಾಫ್ಟ್ ಎನ್ನುವುದು ಇದನ್ನೇ. ಅದರ ಸ್ವಭಾವ ವಿವರಿಸಲು ನಾನು ಹೆಣಗುತ್ತಿದ್ದಾಗ ಚಿಕ್ಕತಾಯಮ್ಮನೇ ತಡೆದರು: "ಸಸಿ ಮಡಿಯಿಂದ ಪೈರು ಕಿತ್ತು ಗದ್ದೇಲಿ ನೆಟ್ಟಂಗೆ ಅಲ್ವಾ? ಬೇರು ಕಚ್ಚೋಗಂಟ ಯಾರೂ ತುಳೀಬಾರ್ದು." ನಾನು ಪಾಠ ನಿಲ್ಲಿಸಿದೆ.

ಐದನೆಯ ದಿನ ಕಟ್ಟು ಬಿಚ್ಚಿದಾಗ ಚರ್ಮ ಎಳೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಬೇರು ಕಚ್ಚಿತ್ತು. ಮೂರು ತಿಂಗಳು ಸೊಂಟಕ್ಕೆ ದಾರ, ಲಾಡಿ, ಬೆಲ್ಟು ಏನೂ ಸೋಕಕೂಡದು, ಸಡಿಲ ನೈಟಿಯೇ ಗತಿ ಎಂದು ವಿಧಿಸಿ ಕಳಿಸಿದೆ.

ತಿಂಗಳೊಪ್ಪತ್ತಿನಲ್ಲಿ ನಂಜಯ್ಯ ಹೆಂಡತಿಯನ್ನು ಕರೆದುಕೊಂಡು ಪೀಠಿಕೆ ಹಾಕುತ್ತ ಬಂದ. ಮಗಳನ್ನು ಕೊಟ್ಟಿದ್ದು ಟಿ. ನರಸೀಪುರದ ಕಡೆ, ಸೋಮನಾಥಪುರದ ಹತ್ತಿರ. ಆ ಬೀಗರ ಮನೆ ಗೃಹಪ್ರವೇಶ.

"ಒಂದಿನದ ಮಟ್ಟುಗೆ ಸೀರೆ ಉಡ್ಲಿ ಮೇಡಮ್ಮೋರೇ. ನೈಟೀಲಿ ಓದ್ರೆ ಜನ ಏನಂದಾರು?"

"ಜನಕ್ಕೆ ಕ್ಯಾನ್ಸರ್ ಆಪರೇಷನ್ ಆಗಿದೆ ಅಂತ ಹೇಳಿ."

ಬೀಗರಿಗೆ ಹೇಳಿಯೇ ಇರಲಿಲ್ಲ. "ತಾಯ್ಗೆ ಬಂದುದ್ದು ಮಗ್ಳಿಗೂ ಬತ್ತದೆ ಅಂದು ಮನೆಗೆ ಅಟ್ಟುಬುಟ್ರೆ?" ಎಂದರು ಚಿಕ್ಕತಾಯಮ್ಮ. ಇದು ವಂಶದಲ್ಲಿ ಹರಿಯುವ ರೋಗವಲ್ಲ, ಲಾಡಿಯಿಂದ ಬಂದದ್ದು ಎಂದು ಎಷ್ಟು ಹೇಳಿದರೂ ತಲೆಯಾಡಿಸಿದರು, ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು. ಹೆಗಲಿನಿಂದ ಇಳಿಬಿಡುವ, ಫ್ರಾಕಿನಂಥ ಲಂಗ ಹೊಲಿಸಿ, ಅದಕ್ಕೆ ಪಿನ್ನು ಹಾಕಿ ಸೀರೆ ನಿಲ್ಲಿಸುವುದು. ಏನೂ ಬಿಗಿಯುವುದಿಲ್ಲವೆಂದು ಆಣೆ ಮಾಡಿ ಹೋದರು.

ಮುಂದಿನ ಗುರುವಾರ ಚಿಕ್ಕತಾಯಮ್ಮ ಬಂದಾಗ ಕಟ್ಟಿನ ಬಟ್ಟೆ ನೆನೆದಿತ್ತು. ಬಿಚ್ಚಿದೆ. ಹೊಸ ಚರ್ಮದ ಅರ್ಧ ಸುಲಿದುಹೋಗಿತ್ತು, ಉಳಿದದ್ದು ಕಪ್ಪಿಟ್ಟಿತ್ತು.

ನಡೆದದ್ದು ಇಷ್ಟು. ಬೀಗಿತಿಯನ್ನು ಬರಿಗೈಯಲ್ಲಿ ಊಟಕ್ಕೆ ಕೂರಿಸುವುದು ಆ ಮನೆಯ ಪದ್ಧತಿಯಲ್ಲ. ಮಗಳ ಅತ್ತೆ ಗೌರಮ್ಮ ಒಳಗೆ ಕರೆದೊಯ್ದು, ಹೊಸ ಸೀರೆಯನ್ನು ತಾವೇ ಉಡಿಸಿದರು. ಪಿನ್ನಿನ ಮೇಲೆ ನಿಂತ ನೆರಿಗೆ ಕಂಡು "ಇದೆಂಥ ಉಡುಗೆ ಬೀಗಿತಿ, ಬಿದ್ದೋದಾತು" ಎಂದು ತಮ್ಮದೇ ಒಂದು ಲಂಗ ತಂದು, ಆ ಫ್ರಾಕಿನ ಮೇಲೆಯೇ ಹಾಕಿಸಿ ಲಾಡಿ ಎಳೆದು ಬಿಗಿದರು. ಆಮೇಲೆ ಮಡಿಲು ತುಂಬಿದರು: ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ಬಾಳೆಹಣ್ಣು. ಅಷ್ಟನ್ನೂ ಸೆರಗಿನಲ್ಲಿ ಗಂಟು ಹಾಕಿ ಬಲ ಸೊಂಟಕ್ಕೇ ಸಿಕ್ಕಿಸಿದರು. ಮಂಗಳಕಾರ್ಯವೆಲ್ಲ ಬಲಗಡೆಯೇ ಆಗಬೇಕಲ್ಲ! ಚಿಕ್ಕತಾಯಮ್ಮ ಸಂಜೆಯವರೆಗೂ ಆ ಗಂಟು ಹೊತ್ತು ನಗುನಗುತ್ತ ಓಡಾಡಿದರು.

"ನೋವಾಗಲಿಲ್ವಾ?"

"ಜೀವ ಓಯ್ತು ಕಣವ್ವ. ಮಗ್ಳು ಬಾಗ್ಲಲ್ಲಿ ನಿಂತು ನನ್ನೇ ನೋಡ್ತಿದ್ಲು."

ಅವತ್ತಿನಷ್ಟು ಸಿಟ್ಟು ನನಗೆ ವೃತ್ತಿಯಲ್ಲಿ ಇನ್ನೆಂದೂ ಬಂದದ್ದಿಲ್ಲ. ಯಾರನ್ನು ಬೈಯಲಿ? ಪ್ರೀತಿಯಿಂದ ಕಟ್ಟಿದವರನ್ನೋ, ಹೆದರಿ ಕಟ್ಟಿಸಿಕೊಂಡವರನ್ನೋ? ಹತ್ತಿರದಲ್ಲಿದ್ದ ನಂಜಯ್ಯನನ್ನೇ ಬೈದೆ. ಆತ ಅದು ತನಗೆ ಸಲ್ಲತಕ್ಕದ್ದೇ ಎಂಬಂತೆ ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡ.

ಸತ್ತ ಚರ್ಮ ತೆಗೆದು, ಇನ್ನೊಂದು ತೊಡೆಯಿಂದ ಮತ್ತೆ ಗ್ರಾಫ್ಟ್ ಹಾಕಬೇಕಾಯಿತು. ಈ ಸಲ ವಾರ್ಡಿಗೆ ಮಗಳು ಬಂದಳು, ಹಿಂದೆಯೇ ಗೌರಮ್ಮ. ಎದೆ ಗಟ್ಟಿಮಾಡಿಕೊಂಡು ಅತ್ತೆಗೆ ಹೇಳಿದವಳು ಆ ಹುಡುಗಿಯೇ. ಗೌರಮ್ಮ ನನ್ನನ್ನು ಕಂಡವರೇ ಜಗಳಕ್ಕೆ ನಿಂತರು.

"ನಾನೇ ಕಣಮ್ಮ ಬಿಗ್ದುದ್ದು. ಒಂದ್ ಮಾತು ಅಂದಿದ್ರೆ ಅಂಗೆ ಎಳ್ದೆಳ್ದು ಕಟ್ತಿದ್ನಾ? ಸೊಸೆನ ಅಟ್ಟುಬುಡ್ತೀನಿ ಅಂತ ಅಂದ್ಕಂಡವ್ರಲ್ಲ, ನಾನೇನ್ ರಾಕ್ಷಸೀನಾ?"

ಮಂಚದಿಂದ ಚಿಕ್ಕತಾಯಮ್ಮ ಮೆಲ್ಲಗೆ, "ಬಿಗಿಯೋದ್ರಲ್ಲಿ ಅಂಗೇ ಇದ್ರಿ ಬಿಡಿ" ಎಂದರು.

ಗೌರಮ್ಮನಿಗೆ ನಗು ತಡೆಯಲಾಗಲಿಲ್ಲ, ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ನಂಜಯ್ಯನನ್ನು "ನೀವ್ ಒಸಿ ಆಚ್ಗೋಗಿ ಬೀಗ್ರೇ" ಎಂದು ಅಟ್ಟಿ, ಪರದೆ ತಾವೇ ಎಳೆದರು. ಸೀರೆ ಸಡಿಲಿಸಿದರು. "ಇದ್ನೂ ಒಸಿ ನೋಡ್ಬುಡಿ ಡಾಕ್ಟ್ರಮ್ಮ."

ಅದೇ ಕಪ್ಪು ಜಾಡು. ಗಂಟಿನ ಜಾಗದಲ್ಲಿ ಒಂದು ಸಣ್ಣ ಬಿರುಕು. "ಎಷ್ಟು ದಿನದಿಂದ?" ಎಂದೆ. "ಯಾರ್ಗ್ ತೋರ್ಸನ?" ಎಂದರು.

ಗೌರಮ್ಮನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಲಾಡಿಯ ಬದಲು ಅಗಲ ಪಟ್ಟಿ ಹಾಕಿದ ಮೇಲೆ ಬಿರುಕು ಮಾಯಿತು. ಚಿಕ್ಕತಾಯಮ್ಮನ ಎರಡನೆಯ ನಾಟಿ ಬೇರು ಕಚ್ಚಿತು. ಈಗ ವರ್ಷಕ್ಕೆರಡು ಸಲ ಬೀಗಿತಿಯರಿಬ್ಬರೂ ಜೊತೆಯಾಗಿ ಬಂದು ತೋರಿಸಿಕೊಂಡು ಹೋಗುತ್ತಾರೆ.

ಕತ್ತರಿ ಹಿಡಿಯುವುದನ್ನು ನನಗೆ ಗುರುಗಳು ಕಲಿಸಿದರು. ಪರದೆ ಎಳೆದು, ಬಾಗಿಲು ಮುಚ್ಚಿ, ಕೇಳದಿದ್ದರೂ ನೋಡಬೇಕೆಂಬುದನ್ನು ಆ ವಾರ್ಡು ಕಲಿಸಿತು. ಅಂದಿನಿಂದ ಗದ್ದೆ ಕೆಲಸದ ಹೆಂಗಸರು ಯಾವ ಕಾಯಿಲೆಗೆ ಬಂದರೂ ನಾನು ಲಾಡಿ ಸಡಿಲಿಸಿ ಸೊಂಟ ನೋಡಿಯೇ ಕಳಿಸುತ್ತೇನೆ. ಕಿವಿ ಚುಚ್ಚಿದ್ದು ಹರಿದಿದೆಯೆಂದು ಬಂದ ಒಬ್ಬಳು ಹೊರಗೆ ಹೋಗಿ, "ಈಯಮ್ಮಂಗೆ ಕಿವಿ ಎಲ್ಲದೆ ಅಂತ್ಲೇ ಗೊತ್ತಿಲ್ಲ ಕಣಕ್ಕ" ಎಂದಳಂತೆ. ಅನ್ನಲಿ.