ಕೂಡಿಟ್ಟ ಡೇಟಾ

ಬಟ್ಟೆ ಕಾರ್ಖಾನೆಗೆ ಹೊಸ ಆರ್ಡರ್ ಬಂದರೆ ಮೊದಲ ಅಂಗಿ ಹೊಲಿಯುವವಳು ಅವಳೇ. ಅದು ಒಪ್ಪಿಗೆಯಾದ ಮೇಲೆ ಉಳಿದ ಮುನ್ನೂರು ಮಿಷನ್‌ಗಳು ಓಡಲು ಶುರುವಾಗುತ್ತವೆ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸ್ಯಾಂಪಲ್ ಅಕ್ಕ. ಗಂಡ ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಇಸ್ತ್ರಿ ಮಾಡುತ್ತಾನೆ. ಹುಟ್ಟಿನಿಂದ ಅವನಿಗೆ ಕಿವಿ ಕೇಳಿಸದು, ಮಾತು ಬಾರದು. ಗಂಡ ಹೆಂಡಿರ ಮಾತೆಲ್ಲ ಕೈಯಲ್ಲಿ. ಅದರಲ್ಲಿ ಒಂದಿಷ್ಟು ಅವನು ಶಾಲೆಯಲ್ಲಿ ಕಲಿತದ್ದು, ಹೆಚ್ಚಿನದು ಹದಿನಾರು ವರ್ಷದ ಸಂಸಾರದಲ್ಲಿ ಇಬ್ಬರೂ ಸೇರಿ ಕಟ್ಟಿಕೊಂಡದ್ದು.

"ನಿಮ್ಮನೇಲಿ ಜಗಳ ಆದ್ರೆ ಪಕ್ಕದವರಿಗೆ ಗೊತ್ತೇ ಆಗಲ್ಲ. ಪುಣ್ಯವಂತೆ ಕಣೇ ನೀನು," ಎಂದು ಗುಂಡಿ ಹಾಕುವವಳು ಚುಡಾಯಿಸುತ್ತಿದ್ದಳು.

"ಏನು ಪುಣ್ಯ? ಅವರು ಕಣ್ಣು ಮುಚ್ಚಿಕೊಂಡು ಕೂತ್ರೆ ಮುಗೀತು. ನಾನು ಗೆದ್ದ ಜಗಳ ಒಂದೂ ಇಲ್ಲ," ಎನ್ನುತ್ತಿದ್ದಳು ಇವಳು.

ಅವನ ಎಡಗಣ್ಣಿಗೆ ಚಿಕ್ಕಂದಿನಿಂದಲೂ ಬರೀ ನೆರಳು ಕಾಣುತ್ತಿತ್ತು. ಹೋದ ವರ್ಷ ಬಲಗಣ್ಣೂ ಮಬ್ಬಾಗತೊಡಗಿತು. ಕಣ್ಣೊಳಗಿನ ಒತ್ತಡ ಏರಿ ನರ ಸೊರಗುತ್ತಿದೆ, ಆಪರೇಷನ್ ಮಾಡಿದರೆ ಇರುವಷ್ಟು ದೃಷ್ಟಿ ಉಳಿಯುತ್ತದೆ, ತಡಮಾಡಬೇಡಿ ಎಂದರು ಡಾಕ್ಟರು. ಸರದಿಯ ದಿನಾಂಕವೂ ಸಿಕ್ಕಿತು. ಅದೇ ಹೊತ್ತಿಗೆ ಕಾರ್ಖಾನೆಯವರು ಹೊರದೇಶದಲ್ಲಿ ಹೊಸ ಘಟಕ ತೆರೆದಿದ್ದರು. ಅಲ್ಲಿನ ಹೆಂಗಸರಿಗೆ ಕಾಲರ್ ಕೂರಿಸುವುದನ್ನು ಕಲಿಸಲು ಸ್ಯಾಂಪಲ್ ಅಕ್ಕನೇ ಮೂರು ವಾರ ಹೋಗಬೇಕೆಂದು ಹುಕುಂ ಆಯಿತು. ಅವಳು ಹೋದ ಒಂಬತ್ತನೆಯ ದಿನ ಆಪರೇಷನ್. ಎರಡು ದಿನಾಂಕಗಳಲ್ಲಿ ಯಾವುದನ್ನೂ ಅಲುಗಾಡಿಸಲು ಆಗಲಿಲ್ಲ. ಆಸ್ಪತ್ರೆಗೆ ಗಂಡನ ತಂಗಿ ಕರೆದುಕೊಂಡು ಹೋಗುವುದೆಂದಾಯಿತು.

ಅವನು ಒಂದೇ ಷರತ್ತು ಹಾಕಿದ. ಒಳಗೆ ಹೋಗುವ ಮುಂಚೆ ಫೋನಿನಲ್ಲಿ ನಿನ್ನ ಕೈ ಕಾಣಬೇಕು.

ಆಪರೇಷನ್ ಆದ ಮೇಲೆ ಬಲಗಣ್ಣಿಗೆ ಒಂದು ದಿನ ಪಟ್ಟಿ ಕಟ್ಟುತ್ತಾರೆ. ಕಿವಿ ಮೊದಲೇ ಇಲ್ಲ, ಕಣ್ಣೂ ಇಲ್ಲವೆಂದರೆ ಅವನ ಪಾಲಿಗೆ ಲೋಕವೇ ಇಲ್ಲ. ಒಂದೇ ದಿನ ಎಂದು ಬೇರೆಯವರು ಹೇಳಿದರೆ ಅವನು ನಂಬುವವನೂ ಅಲ್ಲ. ಏಳು ವರ್ಷದವನಿದ್ದಾಗ ಅವನಪ್ಪ ಹಾಸ್ಟೆಲ್ಲಿನ ಗೇಟಿನಲ್ಲಿ ನಿಂತು, ಒಂದು ಬೆರಳೆತ್ತಿ 'ಒಂದೇ ದಿನ' ಎಂದು ತೋರಿಸಿ ಹೋದವರು ತಿರುಗಿ ಬಂದದ್ದು ಮುಂದಿನ ವರ್ಷ. ಅಂದಿನಿಂದ ಅವನ ಮುಂದೆ ಒಂದು ಬೆರಳು ಎತ್ತುವಂತಿಲ್ಲ. ಹಾಗಾಗಿ ಹೆಂಡತಿ ಬೇರೆಯೇ ಸನ್ನೆ ಮಾಡಿಕೊಂಡಿದ್ದಳು. ಅಂಗೈ ಮೇಲೆ ಕೆನ್ನೆ ಇಟ್ಟು ಕಣ್ಣು ಮುಚ್ಚಿ, ಮತ್ತೆ ತೆರೆದು ನಗುವುದು. ಮಲಗಿ ಏಳುವಷ್ಟರಲ್ಲಿ, ಎಂದು ಅದರ ಅರ್ಥ.

ಹೊರಡುವ ಮುನ್ನ ರೀಚಾರ್ಜ್ ಅಂಗಡಿಯಲ್ಲಿ ಹೊರದೇಶದ ಪ್ಯಾಕ್ ಹಾಕಿಸಿದಳು. "ಏಳು ದಿನದ್ದು ಅಕ್ಕ," ಎಂದ ಅಂಗಡಿಯವನು. ಇವಳು ಅಂದುಕೊಂಡದ್ದು ಏಳು ದಿನ ಬಳಸುವಷ್ಟು ಎಂದು. ಬಾಬಿನ್ನಿಗೆ ಸುತ್ತಿದ ನೂಲು ಮಿಷನ್ ಓಡಿದರೆ ತಾನೆ ಖರ್ಚಾಗುವುದು? ನಿಲ್ಲಿಸಿಟ್ಟರೆ ವಾರವಾದರೂ ಅಲ್ಲೇ ಇರುತ್ತದೆ. ವಿಮಾನ ಇಳಿದು ಕ್ಷೇಮ ತಲುಪಿದೆನೆಂದು ಗಂಡನಿಗೆ ಕೈಬೀಸಿ ತೋರಿಸಿದವಳೇ ಡೇಟಾ ಆಫ್ ಮಾಡಿದಳು. ಆಮೇಲೆ ಸಂಜೆ ಸಂಜೆ ಆ ಘಟಕದ ಮೇಲ್ವಿಚಾರಕಿಯ, ಆಕೆ ನಮ್ಮ ಕಡೆಯವಳೇ, ಫೋನಿನಲ್ಲಿ ಗಂಡನೊಡನೆ ಎರಡು ನಿಮಿಷ ಮಾತು.

"ನಿನ್ನ ಪ್ಯಾಕಿಗೆ ಏನು ಮೊಟ್ಟೆ ಇಡ್ಸಿದ್ದೀಯಾ?" ಎಂದು ಆಕೆ ನಗುತ್ತಿದ್ದಳು.

"ಆಪರೇಷನ್ ದಿನಕ್ಕೆ ಇರ್ಲಿ ಅಂತ ಮೇಡಂ. ಅವತ್ತು ಎಷ್ಟು ಹೊತ್ತು ಬೇಕಾಗುತ್ತೋ."

ಒಂಬತ್ತನೆಯ ದಿನ ಅಲ್ಲಿ ರಜೆ. ಮೇಲ್ವಿಚಾರಕಿ ಹಿಂದಿನ ದಿನವೇ ಪಕ್ಕದ ಊರಿಗೆ ಹೋಗಿದ್ದಳು. ಸ್ಯಾಂಪಲ್ ಅಕ್ಕ ಬೆಳಿಗ್ಗೆ ಸ್ನಾನ ಮಾಡಿ, ಮಂಚದ ಮೇಲೆ ಕೂತು ದೇವರ ಹೆಸರು ಹೇಳಿಕೊಂಡು, ಕೈ ಸ್ಪಷ್ಟ ಕಾಣಲೆಂದು ಕಿಟಕಿಗೆ ಮುಖ ಮಾಡಿ, ಡೇಟಾ ಆನ್ ಮಾಡಿದಳು. ಚಕ್ರ ಸುತ್ತುತ್ತಲೇ ಇತ್ತು. ಮೊನ್ನೆ ಬಂದು ಬಿದ್ದಿದ್ದ ಸಂದೇಶ ಆಗ ಕಣ್ಣಿಗೆ ಬಿತ್ತು. ಪ್ಯಾಕಿನ ಅವಧಿ ಮುಗಿದಿದೆ. ವಿಮಾನ ಇಳಿದು ಸಿಗ್ನಲ್ ಹಿಡಿದ ಗಳಿಗೆಯಿಂದ ದಿನ ಓಡುತ್ತಿತ್ತು. ಬಳಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ.

ವಸತಿಗೃಹದ ವೈಫೈ ತೆರೆಯಲು ಫೋನಿಗೆ ಬರುವ ಕೋಡ್ ಬೇಕು. ಪ್ಯಾಕ್ ಮುಗಿದ ಫೋನಿಗೆ ಕೋಡ್ ಬರಲಿಲ್ಲ. ಬೀದಿ ಕೊನೆಯ ಮೊಬೈಲ್ ಅಂಗಡಿಗೆ ಓಡಿದಳು. ಹೊಸ ಸಿಮ್ ಕೊಡಲು ಪಾಸ್‌ಪೋರ್ಟ್ ಬೇಕೆಂದರು. ಕೆಲಸಕ್ಕೆ ಬಂದವರ ಪಾಸ್‌ಪೋರ್ಟೆಲ್ಲ ಘಟಕದ ಕಚೇರಿಯ ಬೀರುವಿನಲ್ಲಿ, ಕಚೇರಿಗೆ ಬೀಗ. ಅಂಗಡಿಯವನು ತನ್ನ ಭಾಷೆಯಲ್ಲಿ ಏನೋ ಹೇಳಿ ಕೈಚೆಲ್ಲಿದ.

ಪಕ್ಕದಲ್ಲಿ ಬಟ್ಟೆ ಒಗೆದುಕೊಡುವ ಅಂಗಡಿ. ಅಲ್ಲಿನ ವಯಸ್ಸಾದ ಹೆಂಗಸಿಗೆ ಇವಳ ಭಾಷೆ ಬಾರದು, ಆಕೆಯ ಭಾಷೆ ಇವಳಿಗೆ ಬಾರದು. ಇವಳು ಕೈಯಲ್ಲಿ ಹೇಳಿದಳು. ಗಂಡ, ಕಣ್ಣು, ಕತ್ತರಿ, ಈಗಲೇ. ಆ ತಾಯಿಗೆ ಎಲ್ಲ ಅರ್ಥವಾಗಿ, ಮೇಜಿನ ಮೇಲಿದ್ದ ತಂತಿಯ ಫೋನನ್ನೇ ಮುಂದೆ ತಳ್ಳಿದಳು. ನಾದಿನಿಯ ನಂಬರ್ ಬಾಯಿಪಾಠವಿತ್ತು.

"ಅತ್ತಿಗೆ! ಎಲ್ಲಿ ಹೋದ್ರಿ? ಅಣ್ಣ ಫೋನ್ ಹಿಡ್ಕೊಂಡು ಕೂತುಬಿಟ್ಟಿದ್ದಾನೆ. ಆಗ್ಲೇ ಎರಡು ಸಲ ಕರೆದ್ರು, ಜಪ್ಪಯ್ಯ ಅಂದ್ರೂ ಏಳ್ತಾ ಇಲ್ಲ."

"ನನ್ನ ಪ್ಯಾಕ್ ಮುಗಿದಿದೆ ಕಣೇ. ನೀನೇ ಅಂಗಡಿಗೆ ಹೋಗಿ ಹಾಕಿಸ್ತೀಯಾ?"

"ಇವನನ್ನ ಒಬ್ಬನೇ ಬಿಟ್ಟು ಹೆಂಗ್ ಹೋಗ್ಲಿ? ಈ ಸಲ ಬರದಿದ್ರೆ ಮುಂದಿನವರನ್ನ ಕರ್ಕೋತೀವಿ ಅಂತಿದ್ದಾರೆ."

"ಹಾಗಾದ್ರೆ ನಾನು ಹೇಳಿದಂಗೆ ಮಾಡು. ಮೊದಲು ನನ್ನ ಬಳೆ ಸನ್ನೆ ಮಾಡು, ಎಡಗೈ ಮಣಿಕಟ್ಟು ಎರಡು ಸಲ ತಿರುವು. ಅದು ನಾನು. ನಾನೇ ಹೇಳ್ತಿರೋದು ಅಂತ ಗೊತ್ತಾಗ್ಲಿ."

"ಹ್ಞೂಂ, ಮಾಡ್ದೆ. ನನ್ನೇ ನೋಡ್ತಿದ್ದಾನೆ."

"ಈಗ ಅಂಗೈ ಮೇಲೆ ಕೆನ್ನೆ ಇಡು. ಕಣ್ಣು ಮುಚ್ಚು. ತೆಗೆ. ನಗು."

"ನಗು ಎಲ್ಲಿಂದ ತರ್ಲಿ ಅತ್ತಿಗೆ ಈಗ?"

"ನಗೇ, ನನ್ನವ್ವ. ಹೆಂಗಾದ್ರೂ ನಗು."

ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದು, ಚಪ್ಪಲಿಯ ಸದ್ದು, "ಅಣ್ಣಾ, ಅಣ್ಣಾ" ಎಂದು ನಾದಿನಿ ಕೂಗಿದ್ದು. ಯಾರು ಕೂಗಿದರೆ ಅವನಿಗೇನು?

"ಏನಾಯ್ತೇ?"

"ಎದ್ದು ಹೊರಗೆ ಹೊರಟುಬಿಟ್ಟ ಅತ್ತಿಗೆ! ನೀವು ಹೇಳಿದ್ದೆಲ್ಲ ಮಾಡ್ದೆ. ಜೊತೆಗೆ, ಒಂದೇ ದಿನ ಕಣೋ ಅಂತ…"

"ಬೆರಳು ಎತ್ತಿದ್ಯಾ?"

ನಾದಿನಿ ಅಳತೊಡಗಿದಳು. ಅವಳನ್ನು ದೂರುವುದು ಹೇಗೆ? ಬಾಯಿ ಇರುವವರು ಒಂದು ಎನ್ನುವಾಗ ಬೆರಳು ತಾನಾಗಿ ಏಳುತ್ತದೆ.

ಕಚೇರಿಯ ಬಾಗಿಲು ತೆರೆದದ್ದು ಎರಡು ದಿನದ ಮೇಲೆ. ಮೇಲ್ವಿಚಾರಕಿಯ ಫೋನಿನಲ್ಲಿ ಅವಳು ಗಂಡನಿಗೆ ಎಲ್ಲ ವಿವರಿಸಿದಳು. ಅವನು ತಲೆಯಾಡಿಸಿ ಒಪ್ಪಿದ. ಆದರೆ ಸರದಿ ಬೇರೆಯವರ ಪಾಲಾಗಿತ್ತು. ಮುಂದಿನದು ಸಿಕ್ಕಿದ್ದು ಎರಡು ತಿಂಗಳಿಗೆ. ಆ ಹೊತ್ತಿಗೆ ಅವಳು ಹಿಂದಿರುಗಿದ್ದಳು, ಆಪರೇಷನ್ ಬಾಗಿಲವರೆಗೂ ಜೊತೆಗಿದ್ದಳು, ಆ ಸನ್ನೆಯನ್ನೂ ತಾನೇ ಮಾಡಿದಳು. ಆಪರೇಷನ್ ಸರಿಯಾಗಿಯೇ ಆಯಿತು. ನಡುವೆ ಹೋದ ದೃಷ್ಟಿ ಮಾತ್ರ ಮರಳುವುದಿಲ್ಲ ಎಂದರು ಡಾಕ್ಟರು.

"ಅಷ್ಟು ದೂರದಿಂದ ಅವರ ಹೆಜ್ಜೆ ಸಪ್ಪಳವೂ ನನಗೆ ಕೇಳಿಸ್ತು," ಎಂದು ಅವಳು ಕಾರ್ಖಾನೆಯ ಲೆಕ್ಕ ಬರೆಯುವ ನನ್ನ ಮುಂದೆ ಹೇಳಿಕೊಂಡಳು. "ಕೇಳಿಸಿಕೊಂಡು ಏನು ಮಾಡ್ಲಿ ಹೇಳಿ?" ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ.

ಈಗ ಅವನು ಇಸ್ತ್ರಿ ಮಾಡುವುದು ಬೆರಳಲ್ಲಿ ಹೊಲಿಗೆ ತಡವಿಕೊಂಡು. ಮೊದಲೆಲ್ಲ ಅವಳು ಮೆಟ್ಟಿಲ ಮೇಲಿಂದಲೇ ಊಟಕ್ಕೆ ಬಾ ಎಂದು ಸನ್ನೆ ಮಾಡುತ್ತಿದ್ದಳು. ಈಗ ಮಹಡಿ ಇಳಿದು, ಇಸ್ತ್ರಿ ಮೇಜುಗಳ ಸಾಲು ದಾಟಿ ಅವನ ಎದುರಿಗೆ ಬರುತ್ತಾಳೆ. ಅವನ ಮುಖಕ್ಕೆ ಒಂದು ಗೇಣು ದೂರದಲ್ಲಿ ಕೈ ಹಿಡಿದು, ನಿಧಾನವಾಗಿ ಹೇಳುತ್ತಾಳೆ. ಕೆಲವು ದಿನ ಎರಡು ಸಲ ಹೇಳಬೇಕಾಗುತ್ತದೆ.